ಎಣ್ಣೆ ಕಾಣದ ಚಕ್ರ

ಇಸ್ತ್ರಿ ಶೆಡ್ಡು,
ಮಂಗಳವಾರ ಮಧ್ಯಾಹ್ನ

ನನ್ನ ಯಜಮಾನರಿಗೆ ಪ್ರೀತಿಯ ನಮಸ್ಕಾರ.

ಸೊಂಟ ನೋವು ಹೇಗಿದೆ? ಅಣ್ಣನ ಲಾಂಡ್ರಿಯಲ್ಲಿ ಸಂಬಳಕ್ಕೆ ನಿಂತಿದ್ದೀನಲ್ಲ ಅಂತ ಮುಜುಗರಪಟ್ಟು ಅರೆಹೊಟ್ಟೆ ಉಣ್ಣಬೇಡಿ. ನಿಮ್ಮ ಅತ್ತಿಗೆ ಬಡಿಸಿದ್ದನ್ನು ತೆಪ್ಪಗೆ ತಿನ್ನಿ. ನಾನು ಚೆನ್ನಾಗಿದ್ದೇನೆ. ಪಕ್ಕದ ಮನೆಯವರು ಓಣಿ ತಮ್ಮದೆಂದು ಅದರ ಗೇಟಿಗೆ ಬೀಗ ಜಡಿದ ಮೇಲೆ ತಳ್ಳುಗಾಡಿ ಹಿತ್ತಲಲ್ಲೇ ನಿಂತಿದೆ, ಬಟ್ಟೆ ಗಂಟುಗಳನ್ನು ಮನೆಯೊಳಗಿನಿಂದ ಹೊತ್ತು ಸಾಗಿಸುತ್ತಿದ್ದೇನೆ. ‘ಓಣಿ ಹೋದರೆ ಗಾಡಿ ಮಾರಿಬಿಡು, ನಾನು ಇಲ್ಲೇ ಉಳೀತೀನಿ’ ಎಂದು ಬರೆದಿದ್ದಿರಲ್ಲ, ಅದನ್ನು ಓದಿದ ದಿನ ನನಗೆ ಊಟ ಸೇರಲಿಲ್ಲ. ಗಾಡಿ ಮಾರಿಲ್ಲ, ಮಾರುವುದೂ ಇಲ್ಲ.

ನಿನ್ನೆ ಕೋರ್ಟಿನಲ್ಲಿ ಏನಾಯಿತು ಕೇಳಿ. ನಮ್ಮ ವಕೀಲಮ್ಮ ಮೊದಲೇ ಹೇಳಿದ್ದರು: ‘ಈ ದಾರೀಲಿ ಇಪ್ಪತ್ತು ವರ್ಷದಿಂದ ಓಡಾಡ್ತಿದ್ವಿ ಅಂದವರು ನೀವು, ತೋರಿಸ್ಬೇಕಾದವರೂ ನೀವೇ.’ ನನಗೆ ಮೈ ಉರಿಯಿತು. ಬೀಗ ಜಡಿದವರು ಅವರು, ಉತ್ತರ ಹೇಳಬೇಕಾದವಳು ನಾನೇ? ಕೊಲೆ ಕೇಸಿನ ಹಾಗೆ ಅನುಮಾನ ಉಳಿಯದಂತೆ ತೋರಿಸಬೇಕಿಲ್ಲವಂತೆ, ತಕ್ಕಡಿ ನಮ್ಮ ಕಡೆ ತುಸು ವಾಲಿದರೆ ಸಾಕಂತೆ. ಆ ತುಸುವನ್ನಾದರೂ ಎಲ್ಲಿಂದ ತರುವುದು? ಕಾಗದ ಪತ್ರ ಇಲ್ಲ. ಸಾಕ್ಷಿಗೆ ಬರುತ್ತೇನೆಂದ ದರ್ಜಿ ಕೊನೆಗಳಿಗೆಯಲ್ಲಿ ಕೈಕೊಟ್ಟ.

ಪಕ್ಕದ ಮನೆಯವರು ಕಟಕಟೆ ಹತ್ತಿ, ಆ ಓಣಿಯಲ್ಲಿ ನಮ್ಮ ಗಾಡಿಯನ್ನು ಕಂಡೇ ಇಲ್ಲ ಎಂದುಬಿಟ್ಟರು. ವಕೀಲಮ್ಮ ಕೋಪಿಸಿಕೊಳ್ಳಲಿಲ್ಲ. ಈ ನೆರೆಯವರಿಂದ ನಿಮಗೆ ಬೇರೇನಾದರೂ ತೊಂದರೆಯೇ ಎಂದು ಬಹಳ ಕನಿಕರದಿಂದ ಕೇಳಿದರು. ಅಷ್ಟೇ ಸಾಕಾಯಿತು.

‘ಒಂದಾ ಎರಡಾ? ನಾವು ಮಲಗೋ ಕೋಣೆ ಕಿಟಕಿ ಕೆಳಗೆ ದಿನಾ ಬೆಳಿಗ್ಗೆ ಆ ಗಾಡಿ ಕಿರುಗುಟ್ಟುತ್ತಿತ್ತು. ಮಗಳು ಹುಟ್ಟಿದಾಗಿಂದ ಹೇಳ್ತಿದೀನಿ, ಚಕ್ರಕ್ಕೆ ಎಣ್ಣೆ ಹಾಕಿ ಅಂತ. ಈಗ ಅವಳ ಮದುವೆಯೂ ಆಯ್ತು.’

ಆ ಕಿಟಕಿ ಯಾವ ಕಡೆಗಿದೆ ಎಂದು ನ್ಯಾಯಾಧೀಶರೇ ಕೇಳಿದರು. ಓಣಿ ಕಡೆಗೆ ಎಂದವರು ಆಮೇಲೆ ನಾಲಿಗೆ ಕಚ್ಚಿಕೊಂಡರು. ಎಣ್ಣೆ ಹಾಕಿ ಎಂದು ನಾನೂ ನಿಮ್ಮ ಜೊತೆ ಎಷ್ಟು ಜಗಳ ಆಡಿದ್ದೆ. ನಾಳೆ, ನಾಳೆ ಎನ್ನುತ್ತಿದ್ದ ನಿಮ್ಮ ಸೋಮಾರಿತನಕ್ಕೆ ಒಂದು ದೊಡ್ಡ ನಮಸ್ಕಾರ. ತೀರ್ಪು ಶುಕ್ರವಾರ. ಗೆಲ್ಲುತ್ತೇವೆ, ನನಗೆ ಅನುಮಾನವೇ ಇಲ್ಲ.

ಭಾವನವರಿಗೂ ಅಕ್ಕನಿಗೂ ನನ್ನ ನಮಸ್ಕಾರ ತಿಳಿಸಿ.

ಇಂತಿ,
ಗಾಡಿ ಮಾರದ ನಿಮ್ಮ ಹೆಂಡತಿ

ತಾ.ಕ.: ಕಾಗದ ಅಂಚೆಗೆ ಹಾಕುವಷ್ಟರಲ್ಲಿ ಶುಕ್ರವಾರವೇ ಬಂತು. ಗೆದ್ದೆವು. ಬೀಗ ತೆಗೆಯಬೇಕೆಂದು ಹೇಳಿದ್ದಾರೆ. ಹೊರಗೆ ಪಕ್ಕದ ಮನೆಯವರು ಹತ್ತಿರ ಬಂದು, ‘ಇನ್ನಾದ್ರೂ ಎಣ್ಣೆ ಹಾಕಮ್ಮ’ ಎಂದರು. ಪಾಪ ಅನಿಸಿತು. ಎಣ್ಣೆ ತಂದಿಟ್ಟಿದ್ದೇನೆ, ಆದರೆ ನಾನು ಹಾಕುವುದಿಲ್ಲ. ನಮ್ಮ ಯಜಮಾನರೇ ಬಂದು ಹಾಕುತ್ತಾರೆ ಎಂದುಬಿಟ್ಟೆ. ಹೇಳಿದವಳು ನಾನು, ತೋರಿಸಬೇಕಾದವರು ನೀವು.