ಬಿಚ್ಚದೆ ಬಂದ ಮೊಣಕಾಲ ಪಟ್ಟಿ

ಶುಕ್ರವಾರ, ಊಟದ ಬಿಡುವಿನಲ್ಲಿ

ನನ್ನ ಪುಟ್ಟಿಗೆ,

ಬೆಳಿಗ್ಗೆ ದೇವರ ಮುಂದೆ ಕೂತಾಗ ಮೊದಲು ನಿನ್ನ ಹೆಸರು ಹೇಳಿದೆ, ಆಮೇಲೆ ಅಳಿಯಂದಿರದು. ಇಬ್ಬರಿಗೂ ಒಳ್ಳೆಯದಾಗಲಿ. ನಾನು ಚೆನ್ನಾಗಿದ್ದೇನೆ. ಏಳನೇ ಕ್ಲಾಸಿಗೆ ಓದು ಬಿಟ್ಟವಳ ಕಾಗದ, ತಪ್ಪಿದ್ದರೆ ಹೊಂದಿಸಿಕೊಂಡು ಓದು.

ನಿನ್ನ ಕಾಗದ ಸೋಮವಾರ ಬಂತು. ನೀವು ಊರು ಬಿಟ್ಟ ಎಂಟು ತಿಂಗಳ ಮೇಲೆ ನಿನ್ನ ಅಕ್ಷರ ನೋಡಿ ಕಣ್ಣಿಗೆ ಒತ್ತಿಕೊಂಡೆ. ಅಳಿಯಂದಿರು ಗೋದಾಮಿನಲ್ಲಿ ಪೆಟ್ಟಿಗೆ ಇಳಿಸುವ ಕೆಲಸಕ್ಕೆ ಹೋಗುತ್ತಾರೆ, ಇವರೊಬ್ಬರಿದ್ದರೆ ಏಣಿಯೇ ಬೇಡ ಅಂತ ಅಲ್ಲಿನವರು ತಮಾಷೆ ಮಾಡುತ್ತಾರೆ ಅಂತ ಬರೆದಿದ್ದೀ. ನಗು ಬಂತು. ಒಬ್ಬಳೇ ಯಾಕಿರುತ್ತೀ, ಕೆಲಸ ಬಿಟ್ಟು ಬಾ, ಇಲ್ಲೊಂದು ಚಿಕ್ಕ ಕೋಣೆ ಖಾಲಿ ಇದೆ ಅಂತ ಕರೆದಿದ್ದೀ. ಆ ಸಾಲನ್ನು ಎಷ್ಟು ಸಲ ಓದಿದೆನೋ.

ಇಲ್ಲಿ ಕ್ಲಬ್ಬಿನಲ್ಲಿ ನಾನು ಮಾತಾಡುವುದು ಒಗೆಯುವ ಮಿಷನ್ನಿನ ಜೊತೆಗೆ. ಅದಾದರೂ ಗುರ್ ಅನ್ನುತ್ತದೆ. ಆಟಗಾರರ ಅಂಗಿಗಳನ್ನು ನಂಬರಿನ ಪ್ರಕಾರ ಹಗ್ಗಕ್ಕೆ ಹಾಕುವುದು ನನ್ನ ಅಭ್ಯಾಸ. ಈಗ ಆರು ಆದಮೇಲೆ ಎಂಟು. ಅಳಿಯಂದಿರ ಏಳನೇ ನಂಬರಿನ ಜಾಗದಲ್ಲಿ ಬರೀ ಕ್ಲಿಪ್ಪು ಸಿಕ್ಕಿಸಿ ಬಿಡುತ್ತೇನೆ. ಮನೆಗೆ ಬಂದರೆ ಅನ್ನ ಒಂದು ಮುಷ್ಟಿ ಜಾಸ್ತಿಯೇ ಆಗುತ್ತದೆ, ಕೈಗೆ ಇನ್ನೂ ಬುದ್ಧಿ ಬಂದಿಲ್ಲ.

ಬರುತ್ತೇನೆ ಅಂತ ಬರೆಯಲು ಪೆನ್ನು ತೆಗೆದೆ. ಆದರೆ ನಿನ್ನ ಕಾಗದದ ಕೊನೆಯಲ್ಲಿ ನಮ್ಮ ತಂಡದ ಗಿಡ್ಡನಿಗೆ ಹಾಕಿದ ಶಾಪ ಇತ್ತು. ಅವನೇ ಬಾಯಿಬಿಟ್ಟು ನಮ್ಮ ಸಂಸಾರ ಮುರಿದ, ಅವನ ಮನೆ ಎಕ್ಕುಟ್ಟಿ ಹೋಗಲಿ, ಅವನ ಹೊಟ್ಟೆಯಲ್ಲಿ ಹುಟ್ಟಿದ್ದೂ ತಲೆತಗ್ಗಿಸಲಿ ಅಂತ. ಪುಟ್ಟಿ, ಅವನ ಹೆಂಡತಿ ಈಗ ಬಸುರಿ. ಆರಡಿ ಎತ್ತರದವನಿಗೆ ಗಿಡ್ಡ ಅಂತ ಹೆಸರಿಟ್ಟು ಎಲ್ಲರೂ ಕಾಡಿದ್ದು ಸಾಲದೇ? ಶಾಪ ತಪ್ಪು ಮನೆಗೆ ಹೋಗಬಾರದು. ಅದಕ್ಕೇ ಬರೆಯುತ್ತಿದ್ದೇನೆ.

ಆ ಬ್ಯಾಸ್ಕೆಟ್‌ಬಾಲ್ ಸೆಮಿಫೈನಲ್ ನೆನಪಿದೆಯಲ್ಲ. ಕ್ಯಾಪ್ಟನ್ ಆಗಿದ್ದ ಅಳಿಯಂದಿರು ಆಟದ ನಡುವೆ ಬಿದ್ದು ಮೊಣಕಾಲು ಹಿಡಿದುಕೊಂಡರು, ಇಬ್ಬರು ಹೆಗಲು ಕೊಟ್ಟು ಹೊರಗೆ ತಂದರು. ಅವರಿಲ್ಲದೆ ಗಿಡ್ಡ ದಿಕ್ಕೆಟ್ಟ. ಎಸೆದ ಚೆಂಡೆಲ್ಲ ರಿಂಗಿಗೆ ಬಡಿದು ಆಚೆ. ಹದಿನಾಲ್ಕು ಪಾಯಿಂಟಿನಿಂದ ಸೋತೆವು. ಹತ್ತಕ್ಕಿಂತ ಹೆಚ್ಚು ಪಾಯಿಂಟಿನಿಂದ ಸೋಲಬೇಕು ಅಂತ ಬಾಜಿ ಕಟ್ಟುವವರು ನಮ್ಮ ತಂಡದಲ್ಲಿ ಒಬ್ಬರಿಗೆ ಲಂಚ ಕೊಟ್ಟಿದ್ದಾರೆ ಅನ್ನುವುದು ಆಮೇಲೆ ಹೊರಬಿತ್ತು. ಯಾರಿಗೆ ಅಂತ ಗೊತ್ತಾಗಲಿಲ್ಲ. ಅಷ್ಟು ಚೆಂಡು ತಪ್ಪಿಸಿದವನು ಗಿಡ್ಡನೇ ತಾನೇ, ಎಲ್ಲರ ಕಣ್ಣೂ ಅವನ ಮೇಲೆ.

ಅಳಿಯಂದಿರಿಗೆ ಎರಡು ವಾರ ಪಟ್ಟಿ ಕಟ್ಟಿಕೊಳ್ಳಲು ಹೇಳಿದ್ದರು. ದಿನಾ ಬೆಳಿಗ್ಗೆ ಒಗೆದದ್ದನ್ನು ಒಯ್ಯುವುದು, ಸಂಜೆ ಬುಟ್ಟಿಗೆ ಹಾಕುವುದು. ನಾನು ಪಟ್ಟಿಯನ್ನು ಸುರುಳಿ ಸುತ್ತುವುದಿಲ್ಲ. ನನ್ನ ಅವ್ವ ಕೂಸಿನ ಬಟ್ಟೆ ಮಡಚುತ್ತಿದ್ದ ಹಾಗೆ ಮೂರು ಮಡಿಕೆ ಹಾಕಿ, ತುದಿಯನ್ನು ಒಳಗೆ ಸಿಕ್ಕಿಸುತ್ತೇನೆ. ಸಂಜೆ ಬುಟ್ಟಿ ಬಗ್ಗಿಸಿದರೆ ಪಟ್ಟಿ ನಾನು ಮಡಚಿದ ಹಾಗೇ ಬಿದ್ದಿತ್ತು. ಮಾರನೆಯ ದಿನವೂ ಹಾಗೇ. ಬಟ್ಟೆ ಎಸೆಯುವವರು ಮಡಿಕೆ ಎಲ್ಲಿ ನೋಡುತ್ತಾರೆ.

ನಾವಿಬ್ಬರೇ ಇದ್ದಾಗ ಕೇಳಿದೆ, ಕಾಲು ಹೇಗಿದೆ ಅಂತ. ನೋವಿಗೆ ನಿದ್ದೆಯೇ ಇಲ್ಲ ಅತ್ತೆ ಅಂದರು. ಪಟ್ಟಿ ಬಿಚ್ಚದೆಯೇ ವಾಪಸ್ ಬರುತ್ತಿದೆಯಲ್ಲ ಅಂದೆ. ಜೋರಾಗಿ ನಕ್ಕು, ನೀವು ಪೊಲೀಸಿಗೆ ಸೇರಬೇಕಿತ್ತು ಅತ್ತೆ ಅಂದರು. ಇನ್ನಾದರೂ ಹೋಗಿ ಒಪ್ಪಿಕೊಳ್ಳುತ್ತಾರೆ ಅಂತ ಕಾದೆ. ಮಾರನೆಯ ಸಂಜೆ ಪಟ್ಟಿ ಬಿಚ್ಚಿತ್ತು, ಒದ್ದೆಯೂ ಆಗಿತ್ತು. ಮೂಗಿಗೆ ಹಿಡಿದೆ. ನಲ್ಲಿ ನೀರು. ಹದಿನೆಂಟು ವರ್ಷದಿಂದ ಈ ಕ್ಲಬ್ಬಿನ ಬಟ್ಟೆ ಒಗೆದವಳಿಗೆ ಬೆವರು ಯಾವುದು, ನೀರು ಯಾವುದು ತಿಳಿಯದೇ?

ವಿಚಾರಣೆಗೆ ಮೂರು ಜನ ದೊಡ್ಡವರು ಬಂದರು. ಎಲ್ಲರನ್ನೂ ಕರೆದರು, ನನ್ನನ್ನೂ. ಹೊರಗೆ ಬೆಂಚಿನ ಮೇಲೆ ಗಿಡ್ಡ ಮಂಡಿಯ ನಡುವೆ ತಲೆ ಹಾಕಿಕೊಂಡು ಕೂತಿದ್ದ. ಅಮ್ಮಾ, ನನಗೆ ಆಡೋದು ಬಿಟ್ರೆ ಬೇರೆ ಏನೂ ಬರಲ್ಲಮ್ಮ ಅಂದ. ದೇವರು ಕೈಹಿಡಿಯುತ್ತಾನೆ ಕಣಪ್ಪ ಅಂದೆ. ಹಾಗಂದು ಒಳಗೆ ಹೋಗಿ ಸುಮ್ಮನಿದ್ದರೆ ದೇವರ ಹೆಸರು ಹೇಳಿ ಮೋಸ ಮಾಡಿದ ಹಾಗಲ್ಲವೇ?

ಹೇಳಿದವಳು ನಾನು. ಗಿಡ್ಡ ಅಲ್ಲ. ಮಡಿಕೆಯನ್ನೂ ಹೇಳಿದೆ, ನೀರನ್ನೂ ಹೇಳಿದೆ. ಆಮೇಲೆ ಅವರು ಮೊಣಕಾಲಿನ ಎಕ್ಸ್‌ರೇ ತೆಗೆಸಿದರು, ಫೋನು ತಡಕಿದರು, ಉಳಿದದ್ದು ನಿನಗೆ ಗೊತ್ತು. ಇನ್ನು ಬದುಕಿರುವ ತನಕ ಅಳಿಯಂದಿರು ಆಡುವ ಹಾಗಿಲ್ಲ.

ಹೇಳಿದ್ದು ನಾನೇ ಅಂತ ಅಳಿಯಂದಿರಿಗೆ ತಿಳಿಯದೇ ಇರುವುದಿಲ್ಲ. ಆದರೂ ನಿನ್ನ ಹತ್ತಿರ ಗಿಡ್ಡನ ಹೆಸರು ಹೇಳಿದ್ದಾರೆ. ನಿನಗೆ ಅಮ್ಮನಾದರೂ ಉಳಿಯಲಿ ಅಂತಿರಬೇಕು. ಅವರು ಅಷ್ಟು ಕೆಟ್ಟವರಲ್ಲ ಪುಟ್ಟಿ, ಅವರ ಜೊತೆ ಜಗಳ ಆಡಬೇಡ.

ಗಿಡ್ಡನಿಗೆ ಹಾಕಿದ ಶಾಪ ವಾಪಸ್ ತಗೋ. ನನಗೆ ಹಾಕಿದರೆ ತಡೆದುಕೊಳ್ಳುತ್ತೇನೆ. ಇದನ್ನು ಓದಿದ ಮೇಲೂ ಬಾ ಅಂದರೆ ಮೊದಲ ಬಸ್ಸಿಗೇ ಬರುತ್ತೇನೆ. ಅನ್ನದಿದ್ದರೆ ತಿಂಗಳಿಗೊಮ್ಮೆ ಖಾಲಿ ಕಾರ್ಡಾದರೂ ಹಾಕು, ವಿಳಾಸ ನಿನ್ನ ಕೈಯಲ್ಲೇ ಬರೆದಿರಲಿ.

ನೀನು ಬೇಡ ಅಂದರೂ
ನಿನ್ನ ಅಮ್ಮ

ಮರೆತು ಬಿಟ್ಟದ್ದಲ್ಲ, ಬರೆಯಲು ಧೈರ್ಯ ಸಾಲದೆ ಉಳಿದದ್ದು: ಅವತ್ತು ಒಳಗೆ ಹೋದ ಕೂಡಲೇ ಅವರಲ್ಲಿ ಹಿರಿಯರು ಒಂದು ಮಾತು ಕೇಳಿದ್ದರು. ಆಟಗಾರರಲ್ಲಿ ಯಾರಾದರೂ ನಿಮ್ಮ ಸಂಬಂಧಿಕರಿದ್ದರೆ ಹೇಳಿ ತಾಯಿ, ನಿಮ್ಮನ್ನು ಏನೂ ಕೇಳುವುದಿಲ್ಲ, ಮನೆಗೆ ಹೋಗಬಹುದು ಅಂತ. ನಮ್ಮ ಸಂಬಂಧ ಕ್ಲಬ್ಬಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಬಟ್ಟೆ ಒಗೆಯುವವಳ ಮಗಳು ಅಂತ ಆಡಿಕೊಳ್ಳುತ್ತಾರೆ, ಹೇಳಬೇಡಮ್ಮ ಅಂತ ಮದುವೆಯಾದಾಗ ನೀನೇ ಅಂದಿದ್ದೆ. ಅವತ್ತು ಹೇಳಿದ್ದರೆ ಬಿಟ್ಟು ಕಳಿಸುತ್ತಿದ್ದರು. ನಾನು, ಯಾರೂ ಇಲ್ಲ ಸ್ವಾಮಿ, ನನಗೆ ಯಾರೂ ಇಲ್ಲ ಅಂದೆ. ಅವತ್ತು ನಾನು ಹೇಳಿದ ಸುಳ್ಳು ಅದೊಂದೇ.