ಅತ್ತಿಗೆ ಕೈಗೆ ಬಂದ ಗಿಳಿಹಸಿರು ಕಾರು

ಕಾರಿನ ಕಡೆಯಿಂದ ನನಗೆ ಅಣ್ಣನಾದ ಚೆಲುವಣ್ಣನಿಗೆ,

ಪಾಂಡವಪುರದ ರೈಲ್ವೆ ಗೇಟಿನಲ್ಲಿ ನಾವು ಮೊದಲು ಸಿಕ್ಕಿದ್ದು ನೆನಪಿದೆಯಾ? ನೆಲಕ್ಕೆ ತಾಗುವಷ್ಟು ತಗ್ಗಿಸಿಕೊಂಡ ಕೆಂಪು ಕಾರಿನಲ್ಲಿ ನಾನು ಗತ್ತಿನಿಂದ ಕೂತಿದ್ದೆ. ಪಕ್ಕದಲ್ಲಿ ಒಂದು ಹಳೇ ಕಾರು ಬಂದು ನಿಂತಿತು. ಗಿಳಿಹಸಿರು ಬಣ್ಣ, ಮೂತಿಗೆ ನಾಲ್ಕು ಹೆಚ್ಚುವರಿ ದೀಪ. ನೀನು ನನ್ನ ಮುಖ ನೋಡಲೇ ಇಲ್ಲ, ಚಕ್ರ ನೋಡಿದೆ. "ಏನ್ಲಾ, ನಿನ್ ಕಾರು ನಿಂತದೋ ಕುಂತದೋ?" ಅಂದೆ. ಗೇಟು ತೆರೆಯುವಷ್ಟರಲ್ಲಿ ನಿನ್ನ ಮರಗೆಲಸದ ಅಂಗಡಿಗೆ ಟೀ ಕುಡಿಯಲು ಕರೆದಿದ್ದೆ. ಅಲ್ಲೇ ನೋಡಿದ್ದು, ನೀನೇ ಹಲಸಿನ ಹಲಗೆ ಕೊರೆದು ಮಾಡಿದ ಡ್ಯಾಶ್‌ಬೋರ್ಡು. ಅದಕ್ಕೆ ಎರಡು ಡ್ರಾಯರ್ ಬೇರೆ! ಯಾವ ಕಾರಿಗಣ್ಣ ಡ್ರಾಯರ್ ಇರುತ್ತೆ?

ನಾಗಮಂಗಲದ ಫೋಟೋ ನೆನೆದರೆ ಈಗಲೂ ನಗು ತಡೆಯಲಾಗದು. ಒಬ್ಬರ ಕಾರು ಇನ್ನೊಬ್ಬರ ಕಣ್ಣಿಗೆ ಬಿದ್ದರೆ ಫೋಟೋ ತೆಗೆದು ನಮ್ಮ ಕಾರು ಹುಚ್ಚರ ವಾಟ್ಸಾಪ್ ಗುಂಪಿಗೆ ಹಾಕಬೇಕು ಅನ್ನೋದು ನಮ್ಮ ಆಟ. ಒಂದು ಶನಿವಾರ ಮೇಲುಕೋಟೆ ದರ್ಶನಕ್ಕೆ ಅಂತ ಮನೆಯಲ್ಲಿ ಹೇಳಿ ಹೊರಟ ನೀನು, ನಾಗಮಂಗಲದಲ್ಲಿ ಬಾಡೂಟದ ಹೋಟೆಲಿನ ಮುಂದೆ ಸಿಕ್ಕಿಬಿದ್ದೆ. ಅತ್ತಿಗೆಯ ತಂಗಿ ಮಗನೂ ಗುಂಪಿನಲ್ಲಿದ್ದಾನೆ ಅನ್ನೋದನ್ನ ಎಲ್ಲರೂ ಮರೆತಿದ್ದೆವು. "ಈ ಕಾರು ನಿಮ್ಮಂಗಲ್ಲ, ಸುಳ್ ಏಳಕ್ಕಿಲ್ಲ," ಅಂದರಂತೆ ಅತ್ತಿಗೆ. ಆ ಕಾರಿನ ಬಗ್ಗೆ ಅವರಾಡಿದ ಒಂದೇ ಒಳ್ಳೇ ಮಾತು ಅದು. ಅದೂ ನಿನ್ನನ್ನು ಬೈಯುವುದಕ್ಕೆ.

ನೀನು ಹೋದ ಮೇಲೆ ಕಾರು ಅಂಗಡಿ ಮುಂದೆ ಮೂರು ತಿಂಗಳು ನಿಂತೇ ಇತ್ತು. ದಿನಾ ಕಂಡರೂ ನಮ್ಮಲ್ಲಿ ಯಾರೂ ಫೋಟೋ ತೆಗೆಯಲಿಲ್ಲ. ಹೇಗೆ ತೆಗೆಯೋದು, ನೀನೇ ಇಲ್ಲದೆ...

ಕೊನೆಗೆ ಸಿಂಧಘಟ್ಟದಿಂದ ಒಬ್ಬರು ಕೊಳ್ಳಲು ಬಂದರು. ಅತ್ತಿಗೆ ನನ್ನನ್ನೂ ಕರೆಸಿದ್ದರು. ಬಂದವರಿಗೆ ಎಂಜಿನ್ ಹಿಡಿಸಿತು. ಮರದ್ದೆಲ್ಲ ಕಿತ್ತೆಸೆದು ಬಿಳಿ ಬಣ್ಣ ಹೊಡೆಸುತ್ತೇನೆ ಅಂದರು. ಅತ್ತಿಗೆ ಅವರ ಕೈಯಿಂದ ಕೀ ಈಸಿಕೊಂಡರು. "ಬಿಳೀ ಕಾರು ಊರ್ ತುಂಬಾ ಅವೆ. ಅದ್ರಲ್ಲೊಂದ್ ತಕೊಳಿ," ಅಂದು ಕೀಯನ್ನು ಸೆರಗಿಗೆ ಕಟ್ಟಿಕೊಂಡರು. ಬಂದವರು ಅತ್ತ ಹೋಗುತ್ತಿದ್ದಂತೆ ಅತ್ತಿಗೆ ನನ್ನ ಕಡೆ ತಿರುಗಿ, ನಾಳೆಯಿಂದ ನನಗೆ ಓಡಿಸೋದು ಕಲಿಸು ಅಂದರು.

ಕಲಿಸಿದೆ, ಅಣ್ಣ. ಕಾಲುವೆ ಏರಿ ಮೇಲೆ ಜೀವ ಕೈಯಲ್ಲಿ ಹಿಡಿದುಕೊಂಡು ಕಲಿಸಿದೆ. ಅತ್ತಿಗೆ ಹಾರ್ನ್ ಒತ್ತುವುದಿಲ್ಲ. ಎಮ್ಮೆ ಅಡ್ಡ ಬಂದರೆ ಗಾಜು ಇಳಿಸಿ ಅದರ ಹತ್ತಿರ ಮಾತಾಡುತ್ತಾರೆ. ಎಮ್ಮೆಗಳು ಜಾಗವನ್ನೂ ಬಿಡುತ್ತವೆ! ಲೈಸೆನ್ಸ್ ಒಂದೇ ಸಲಕ್ಕೆ ಸಿಕ್ಕಿತು. ನನಗೆ ಸಿಕ್ಕಿದ್ದು ಮೂರನೇ ಸಲಕ್ಕೆ ಅಂತ ಅವರಿಗೆ ಹೇಳಿಲ್ಲ.

ಮೊನ್ನೆ ಕೆ.ಆರ್. ಪೇಟೆಯಿಂದ ಶೀಳನೆರೆಗೆ ಹೊರಟಿದ್ದೆವು, ಅತ್ತಿಗೆಯೇ ಓಡಿಸುತ್ತಿದ್ದರು. ದಾರಿಯಲ್ಲಿ ಪೊಲೀಸಪ್ಪ ಕೈ ಅಡ್ಡ ಹಾಕಿದ. ಕಾರನ್ನು ಒಂದು ಸುತ್ತು ಬಂದು, ಒಳಗೆ ಬಗ್ಗಿ ನೋಡಿ, ಇದನ್ನ ಈ ಗತಿಗೆ ತಂದೋರು ಯಾರಮ್ಮ ಅಂತ ಕೇಳಿದ. ನಾನು ಏನೋ ನೆಪ ಹುಡುಕುತ್ತಿದ್ದೆ.

ಅತ್ತಿಗೆ ನೆಟ್ಟಗೆ ಕೂತು ಹೇಳಿದರು: "ನಮ್ಮನೆಯವ್ರು. ಪ್ರತಿಯೊಂದ್ನೂ ಅವ್ರೇ ಕೈಯಾರೆ ಮಾಡವ್ರೆ. ಚೆನ್ನಾಗಿಲ್ವಾ?"

ನಿನ್ನ ತಮ್ಮ,
ರವಿ