ಗೆದ್ದೆತ್ತಿನ ಬಾಲ ನನಗೆ ಬೇಡ

ಮಾರ್ಚ್ ೯, ಭಾನುವಾರ

ಪ್ರೀತಿಯ ತಮ್ಮನಿಗೆ,

ನಾವಿಲ್ಲಿ ನೆಟ್ಟಗಿದ್ದೇವೆ. ನೀನೂ ನಿನ್ನ ಹೆಂಡತಿಯೂ ಆ ಊರಿನ ಉಪ್ಪುಗಾಳಿಗೆ ಹೊಂದಿಕೊಂಡಿದ್ದೀರಿ ಎಂದುಕೊಂಡಿದ್ದೇನೆ. ನಿನ್ನ ಕಾಗದ ಬಂದು ಬಹಳ ದಿನವಾಯಿತು, ಉತ್ತರ ತಡವಾಯಿತೆಂದು ಮನಸ್ಸಿಗೆ ಹಚ್ಚಿಕೊಳ್ಳಬೇಡ. ಎರಡು ಸಲ ಬರೆಯಲು ಕೂತೆ. ಮೊದಲನೆಯದನ್ನು ನಿನ್ನ ಭಾವ ಓದಿ, "ಇದನ್ನ ಹಾಕಿದ್ರೆ ಅಂಚೆಪೆಟ್ಟಿಗೆಗೇ ಬೆಂಕಿ ಹತ್ಕೊಳ್ಳುತ್ತೆ ಕಣೇ" ಎಂದು ಹರಿದು ಹಾಕಿದರು. ಎರಡನೆಯದನ್ನು ನಾನೇ ಹರಿದೆ. ಅದು ತೀರಾ ಸಪ್ಪೆಯಾಗಿತ್ತು, ನಾನು ಬರೆದದ್ದು ಎಂದರೆ ನೀನೇ ನಂಬುತ್ತಿರಲಿಲ್ಲ. ಇದು ಮೂರನೆಯದು. ಇದನ್ನು ಯಾರಿಗೂ ತೋರಿಸುವುದಿಲ್ಲ.

ಮೊದಲು ಇಲ್ಲಿನ ಸುದ್ದಿ. ಆಸ್ಪತ್ರೆಯ ಲಾಂಡ್ರಿಗೆ ಹೊಸ ಇಸ್ತ್ರಿ ಯಂತ್ರ ಬಂದಿದೆ. ಒಂದು ಬದಿಯಿಂದ ಒದ್ದೆ ಬೆಡ್‌ಶೀಟಿನ ಅಂಚು ಹಿಡಿದು ಒಳಗೆ ಬಿಟ್ಟರೆ ಇನ್ನೊಂದು ಬದಿಯಿಂದ ಗರಿಗರಿಯಾಗಿ ಹೊರಗೆ ಬರುತ್ತದೆ. ಅಲ್ಲಿ ನಿಂತು ಮಡಚುವುದು ನನ್ನ ಕೆಲಸ, ಜೊತೆಗೆ ಕೆಲಸ ಮಾಡುವವಳು ಅದೇ ಬಾಯಿಬಡುಕಿ. ಆಪರೇಷನ್ ಕೋಣೆಯ ಹಸಿರು ಬಟ್ಟೆ ಬೇರೆ, ವಾರ್ಡಿನದು ಬೇರೆ ಎಂದು ವಿಂಗಡಿಸಿ ಬುಟ್ಟಿಗೆ ಎಸೆಯುವಾಗ ಅವಳದು ದಿನಾ ಒಂದೇ ರಾಗ: "ನೋಡಕ್ಕ, ನಾನು ಎಸೆದಿದ್ದೆಲ್ಲಾ ಬುಟ್ಟಿಗೇ ಬೀಳುತ್ತೆ. ನಿಮ್ಮ ಬ್ಯಾಸ್ಕೆಟ್‌ಬಾಲ್ ಹುಡುಗರಿಗೆ ಒಂದು ವಾರ ಇಲ್ಲಿ ಕೆಲಸ ಕೊಡ್ಸಿ, ಕಲ್ತುಕೊಳ್ಳಲಿ." ನಾನು, "ನಿನ್ನ ಬುಟ್ಟಿ ಕಾಲಬುಡದಲ್ಲಿದೆ, ಅವರದು ತಲೆ ಮೇಲಿದೆ. ಅದೂ ಅಲ್ಲದೆ ನೀನು ಎಸೆಯುವಾಗ ನಿನ್ನ ಕೈಗೆ ಯಾರೂ ಅಡ್ಡ ಬರಲ್ಲ" ಎನ್ನುತ್ತೇನೆ. ಅವಳು ನಗುತ್ತಾಳೆ. ನಾನು ಅವಳ ಮುಂದೆ ನಗುವುದಿಲ್ಲ, ಆಮೇಲೆ ಬಸ್ಸಿನಲ್ಲಿ ಕೂತು ನಗುತ್ತೇನೆ.

ಈಗ ನಿನ್ನ ಕಾಗದಕ್ಕೆ ಬರುತ್ತೇನೆ. "ಅಕ್ಕ, ನೀನು ತುಂಬಿದ ಅಂಗಳದಲ್ಲಿ ಕೂಗಿ ನನ್ನ ಮಾನ ಕಳೆದೆ" ಎಂದು ಬರೆದಿದ್ದೀಯ. ಅದರ ಕೆಳಗೇ, "ಆ ಸೋತ ತಂಡದ ಹಿಂದೆ ಯಾಕೆ ಅಲೀತೀಯ? ನಮ್ಮ ಕಡೆ ಬಾ, ಮುಂದಿನ ಸಾಲಿನಲ್ಲಿ ನಿನಗೊಂದು ಕುರ್ಚಿ ಇಡಿಸ್ತೀನಿ" ಎಂದೂ ಬರೆದಿದ್ದೀಯ. ಮೊದಲನೆಯದಕ್ಕೆ ನಾನು ಕ್ಷಮೆ ಕೇಳುವುದಿಲ್ಲ. ಎರಡನೆಯದಕ್ಕೆ ಉತ್ತರ ಉದ್ದವಿದೆ, ಕೂತು ಓದು.

ನೀನು ಹೋದ ಮೇಲೆ ನಮ್ಮ ಕ್ಲಬ್ಬಿನ ಸ್ಥಿತಿ ಏನಾಯಿತು ಎಂದು ನಿನಗೆ ಪೂರ್ತಿ ಗೊತ್ತಿಲ್ಲ. ಅಷ್ಟು ವರ್ಷ ನೀನು ಆಡಿದ, ಆಮೇಲೆ ಆಡಿಸಿದ ತಂಡ ಅದು. ಈಗಿನ ಕೋಚ್ ಒಳ್ಳೆಯ ಮನುಷ್ಯ, ಆದರೆ ಬಾಯಲ್ಲಿ ಮಾತಿಲ್ಲ. ಟೈಮ್‌ಔಟ್ ತೆಗೆದುಕೊಂಡು ಹುಡುಗರನ್ನು ಸುತ್ತ ನಿಲ್ಲಿಸಿಕೊಂಡು ತಾನೂ ಅವರ ಜೊತೆ ನೀರು ಕುಡಿಯುತ್ತಾನೆ, ಅಷ್ಟೆ. ನಮ್ಮ ಕೊಕ್ಕರೆ ಇದ್ದಾನಲ್ಲ, ಅಷ್ಟೆತ್ತರ ಬೆಳೆದೂ ಚೆಂಡು ಮೇಲಿಂದ ಬರುವಾಗ ಕಣ್ಣು ಮುಚ್ಚುತ್ತಾನೆ. ಬುಗುರಿ ಎಂಬ ಆ ಗಿಡ್ಡ ಹುಡುಗ ಚೆಂಡನ್ನು ನೆಲಕ್ಕೆ ಬಡಿಯುತ್ತಾ ತಾನೂ ಸುತ್ತಿ, ನೋಡುವವರ ತಲೆಯನ್ನೂ ಸುತ್ತಿಸಿ, ಕೊನೆಗೆ ಎದುರಿನವರ ಕೈಗೇ ಕೊಡುತ್ತಾನೆ. ಫ್ರೀ ಥ್ರೋ ಎಂದರೆ ಯಾರೂ ಅಡ್ಡ ಬರದ ಹೊಡೆತ, ಅದೂ ಬೀಳುವುದಿಲ್ಲ. ಹುಡುಗಿಯರ ತಂಡವನ್ನಾದರೂ ನೋಡಿ ಕಣ್ಣು ತಂಪು ಮಾಡಿಕೊಳ್ಳೋಣ ಎಂದು ಹೋದರೆ ಅಲ್ಲಿ ಅರ್ಧ ಆಟದವರೆಗೆ ಮುಂದಿದ್ದು ಆಮೇಲೆ ಸೋಲುವ ಅಭ್ಯಾಸ. ಗಂಡುಮಕ್ಕಳು ಮೊದಲಿನಿಂದಲೇ ಸೋಲುತ್ತಾರೆ, ಹೆಣ್ಣುಮಕ್ಕಳು ಆಸೆ ಹುಟ್ಟಿಸಿ ಸೋಲುತ್ತಾರೆ. ಯಾವುದು ವಾಸಿ ಎಂದು ನೀನೇ ಹೇಳು.

ನಾನೇನು ಎಲ್ಲವನ್ನೂ ಸಹಿಸಿಕೊಂಡು ಕೂರುವವಳಲ್ಲ. ಆ ಹುಡುಗರನ್ನು ನಾನು ಬೈದಷ್ಟು ಅವರ ಹೆತ್ತವರೂ ಬೈದಿರಲಿಕ್ಕಿಲ್ಲ. ಒಂದು ಸಂಜೆ ನನ್ನ ಛತ್ರಿಯನ್ನೇ ಅಂಗಳಕ್ಕೆ ಎಸೆದೆ. ರೆಫರಿ ಅದನ್ನು ಎತ್ತಿ ತಂದು, "ಇದು ನಿಮ್ಮದಾ ಅಮ್ಮ?" ಎಂದ. "ಹೌದು, ನಿಮ್ಮ ತಲೆ ಮೇಲೆ ನೆರಳಿಲ್ಲ ಅಂತ ಕೊಟ್ಟೆ" ಎಂದೆ. ಚಾವಣಿ ಇರುವ ಅಂಗಳದಲ್ಲಿ. ಆ ದಿನ ಮನೆಗೆ ಬಂದು ನಿನ್ನ ಭಾವನಿಗೆ, "ಇನ್ನು ಮೇಲೆ ಆ ಕಡೆ ತಲೆ ಹಾಕಿ ಮಲಗೋದೂ ಇಲ್ಲ" ಎಂದು ಸಾರಿಬಿಟ್ಟೆ. ಅವರು ಕನ್ನಡಕ ಒರೆಸಿಕೊಳ್ಳುತ್ತಾ, "ಹೊಳೇಲಿ ಹುಣಸೆಹಣ್ಣು ತೊಳೆಯೋದು ಬಿಟ್ಟೆ ಅನ್ನು, ಸಂತೋಷ" ಎಂದರು. ಮುಂದಿನ ಶನಿವಾರ ಅವರು ಊಟ ಮುಗಿಸಿ ಏಳುವುದರೊಳಗೆ ನಾನು ಚಪ್ಪಲಿ ಮೆಟ್ಟಿದ್ದೆ. ಅವರು ಛತ್ರಿಯನ್ನು ಮಾತ್ರ ಬಾಗಿಲ ಹಿಂದೆ ಅಡಗಿಸಿಟ್ಟಿದ್ದರು.

ಮೆಟ್ಟಿಲು ಸಾಲುಗಳಲ್ಲಿ ಜನ ಕಡಿಮೆಯಾಗುತ್ತಾ ಬಂದರು. ನನ್ನ ಪಕ್ಕದಲ್ಲಿ ಯಾವಾಗಲೂ ಕೂರುವ ನಿವೃತ್ತ ಡ್ರೈವರ್ ಮಾವ ಮಾತ್ರ ಬರುತ್ತಿದ್ದರು. ಉಳಿದವರೆಲ್ಲ ನೀನೀಗ ಆಡಿಸುವ ಬಂದರಿನ ತಂಡದ ನೀಲಿ ಟೋಪಿ ಹಾಕಿಕೊಂಡು ಓಡಾಡತೊಡಗಿದರು. ನಮ್ಮ ಬೀದಿಯ ಕ್ಷೌರಿಕ, ನಿನ್ನ ಹಳೇ ಸ್ನೇಹಿತ, ಅಂಗಡಿಯಲ್ಲಿದ್ದ ನಮ್ಮ ತಂಡದ ಚಿತ್ರ ತೆಗೆದು ನಿಮ್ಮದನ್ನು ತೂಗುಹಾಕಿದ್ದಾನೆ. "ಯಾಕಪ್ಪಾ?" ಎಂದರೆ, "ಗೆಲ್ಲೋರನ್ನ ನೋಡಿದ್ರೆ ಗಿರಾಕಿಗಳ ಮುಖ ಅರಳುತ್ತೆ ಅಕ್ಕ, ಬೋಳಿಸೋದು ಸಲೀಸು" ಎನ್ನುತ್ತಾನೆ. ಗೆದ್ದೆತ್ತಿನ ಬಾಲ ಹಿಡಿಯುವವರಿಗೆ ಎಲ್ಲಿ ಬರಗಾಲ?

ಹೀಗಿರುವಾಗ ನಿನ್ನ ಹುಡುಗರು ನಮ್ಮ ಅಂಗಳಕ್ಕೆ ಆಡಲು ಬಂದರು. ಆ ದಿನ ಜಾಗ ತುಂಬಿತ್ತು, ಆದರೆ ನಮ್ಮನ್ನು ನೋಡಲು ಬಂದವರಲ್ಲ. ಆಟ ನಿನಗೆ ನೆನಪಿದೆ, ಆದರೆ ನೀನು ಬೆಂಚಿನಿಂದ ನೋಡಿದೆ, ನಾನು ಮೆಟ್ಟಿಲಿನಿಂದ ನೋಡಿದೆ. ನನಗೆ ಕಂಡದ್ದನ್ನು ಹೇಳುತ್ತೇನೆ.

ಕೊನೆಯ ಭಾಗ ಶುರುವಾಗುವ ಹೊತ್ತಿಗೆ ನಾವು ಯಾವ ಲೆಕ್ಕಕ್ಕೂ ಇಲ್ಲದಷ್ಟು ಹಿಂದಿದ್ದೆವು. ಆಗ ನೀನು ಎದ್ದು ನಿಂತು ಅಂಗೈ ಕೆಳಗೆ ಮಾಡಿ ತೋರಿಸಿದೆ. ಸಾಕು, ನಿಧಾನ ಎಂದು. ನಿನ್ನ ಹುಡುಗರು ಚೆಂಡನ್ನು ತಮ್ಮತಮ್ಮಲ್ಲೇ ಕೊಟ್ಟು ತೆಗೆದುಕೊಂಡು ಹೊತ್ತು ಕಳೆದರು. ಬುಟ್ಟಿಯ ಉಂಗುರದ ಕಡೆ ಕತ್ತೆತ್ತಿಯೂ ನೋಡಲಿಲ್ಲ. ಚೆಂಡು ನಮ್ಮ ಕೈಗೆ ಬಂದಾಗ ಯಾರೂ ತಡೆಯಲು ಬರಲಿಲ್ಲ. ಕೊಕ್ಕರೆ ಉಂಗುರದ ಕೆಳಗೆ ಹೋದ. ಎದುರಿಗಿದ್ದ ನಿನ್ನ ಹುಡುಗ ಕೈಕಟ್ಟಿಕೊಂಡು ಪಕ್ಕಕ್ಕೆ ಸರಿದು, "ಹಾಕ್ಕೋ ಹಾಕ್ಕೋ" ಎಂದ. ಅದು ನನಗೂ ಕೇಳಿಸಿತು. ಮೆಟ್ಟಿಲ ಮೇಲಿದ್ದವರು ನಕ್ಕರು, ಕೆಲವರು ಚಪ್ಪಾಳೆ ತಟ್ಟಿದರು.

ಕೊಕ್ಕರೆ ಹಾಕಲಿಲ್ಲ ಕಣೋ. ಚೆಂಡನ್ನು ಎದೆಗೆ ಒತ್ತಿಕೊಂಡು ಸುಮ್ಮನೆ ನಿಂತುಬಿಟ್ಟ. ಕೈ ಚಾಚಿದರೆ ಎಟಕುವಷ್ಟು ಹತ್ತಿರದಲ್ಲಿತ್ತು ಉಂಗುರ. ಅವನ ಕಿವಿ ಕೆಂಪಗಾದದ್ದು ಅಷ್ಟು ದೂರದಿಂದಲೂ ಕಾಣುತ್ತಿತ್ತು.

ಆಗ ನಾನು ಎದ್ದೆ. ಡ್ರೈವರ್ ಮಾವ ಸೆರಗು ಹಿಡಿದು, "ಬೇಡಮ್ಮ, ಎಷ್ಟಂದ್ರೂ ತಮ್ಮ" ಎಂದರು. "ತಮ್ಮ ಅಂತಲೇ ಹೇಳ್ತಿರೋದು" ಎಂದು ಬಿಡಿಸಿಕೊಂಡೆ. ಏನು ಕೂಗಿದೆ ಎಂದು ನೀನೇ ಕಾಗದದಲ್ಲಿ ಬರೆದಿದ್ದೀಯ, ಒಂದು ಮಾತು ಬಿಟ್ಟಿದ್ದೀಯ. "ಏ ತಮ್ಮಾ, ನಾವಿಲ್ಲಿ ಭಿಕ್ಷೆಗೆ ಬಂದಿಲ್ಲ. ಆಡೋದಾದ್ರೆ ಸರಿಯಾಗಿ ಆಡ್ಸು, ಇಲ್ದಿದ್ರೆ ನಿನ್ನ ಹುಡುಗರನ್ನ ಕರ್ಕೊಂಡು ಬಸ್ ಹತ್ತು. ಸೋಲೋದು ನಮಗೆ ಬರುತ್ತೆ, ನೀನು ಕಲಿಸ್ಬೇಡ." ಆ ಕೊನೆಯ ಮಾತು ಬಿಟ್ಟಿದ್ದೀಯ. ನಗು ನಿಂತಿತು. ನೀನು ತಿರುಗಿ ನೋಡಿದೆ, ಚಿಕ್ಕವನಿದ್ದಾಗ ಜೇಬಿನಲ್ಲಿ ಕದ್ದ ಬೆಲ್ಲ ಸಿಕ್ಕಿಬಿದ್ದಾಗ ನೋಡುತ್ತಿದ್ದೆಯಲ್ಲ, ಹಾಗೆ.

ಕೊಕ್ಕರೆ ಚೆಂಡನ್ನು ಹಿಂದಕ್ಕೆ ಬುಗುರಿಗೆ ಎಸೆದು, ಮತ್ತೆ ಮೊದಲಿನಿಂದ ಎನ್ನುವಂತೆ ಹೊರಗೆ ಬಂದು ನಿಂತ. ನೀನು ಒಂದು ಗಳಿಗೆ ಯೋಚಿಸಿ ನಿನ್ನ ಹುಡುಗರಿಗೆ ಕೈಸನ್ನೆ ಮಾಡಿದೆ. ಅವರು ಸರಿಯಾಗಿ ಆಡಿದರು. ನಾವು ಇನ್ನೂ ಹೀನಾಯವಾಗಿ ಸೋತೆವು. ಆದರೆ ಕೈಕಟ್ಟಿ ನಿಂತಿದ್ದ ಆ ಹುಡುಗ ಚೆಂಡು ಎತ್ತಿ ಹಾಕಲು ಬಂದಾಗ ಕೊಕ್ಕರೆ ಕಣ್ಣು ಬಿಟ್ಟುಕೊಂಡೇ ಹಾರಿ, ಮೇಲಿಂದ ಒಂದು ಏಟು ಕೊಟ್ಟು ಚೆಂಡನ್ನು ನಮ್ಮ ಸಾಲಿಗೇ ಕಳಿಸಿದನಲ್ಲ, ಅದನ್ನೂ ನೀನು ಬರೆದಿಲ್ಲ. ಡ್ರೈವರ್ ಮಾವ ಆ ಚೆಂಡನ್ನು ಹಿಡಿದುಕೊಂಡು ವಾಪಸು ಕೊಡಲು ಸ್ವಲ್ಪ ಸತಾಯಿಸಿದರು.

ಆಟ ಮುಗಿದ ಮೇಲೆ ನೀನು ಬಸ್ಸು ಹತ್ತಿ ಹೋದೆ. ಕೊಕ್ಕರೆ ಟವಲು ಹೊದ್ದುಕೊಂಡು ನಮ್ಮ ಹತ್ತಿರ ಬಂದ. "ಅಕ್ಕ, ನೀವು ಕೂಗದೆ ಇದ್ದಿದ್ರೆ ನಾನು ಅಲ್ಲೇ ಷೂ ಬಿಚ್ಚಿಟ್ಟು ಹೋಗ್ತಿದ್ದೆ. ಇನ್ಯಾವತ್ತೂ ಬರ್ತಿರಲಿಲ್ಲ" ಎಂದ. ಅವನ ಬೆನ್ನು ತಟ್ಟೋಣ ಎನ್ನಿಸಿತು. ಹಾಗೆಂದು ತೋರಿಸಿಕೊಂಡರೆ ಹುಡುಗರು ಕೆಡುತ್ತಾರೆ. "ಷೂ ಆಮೇಲೆ ಬಿಚ್ಚು, ಮೊದಲು ಆ ಮೊಣಕೈ ಅಗಲಿಸಿ ನಿಲ್ಲೋದು ಕಲಿ" ಎಂದು ಕಳಿಸಿದೆ.

ಅದಾದ ಮೇಲೆ ನಾವು ಗೆದ್ದೆವು ಎಂದುಕೊಳ್ಳಬೇಡ. ಗೆಲ್ಲಲಿಲ್ಲ. ಕೊನೆಯ ಪಂದ್ಯದಲ್ಲಿ ಒಂದೇ ಅಂಕ ಹಿಂದಿದ್ದೆವು. ಬುಗುರಿಗೆ ಎರಡು ಫ್ರೀ ಥ್ರೋ ಸಿಕ್ಕಿದವು. ಎರಡೂ ಉಂಗುರದ ಸುತ್ತ ಪ್ರದಕ್ಷಿಣೆ ಹಾಕಿ ಹೊರಗೇ ಬಿದ್ದವು. ಅವನು ನೆಲದ ಮೇಲೆ ಕೂತುಬಿಟ್ಟ. ನಾನು ಅವನಿಗೆ ಕೇಳುವ ಹಾಗೆ ಬೈದೆ, ಆಮೇಲೆ ಅವನಿಗೆ ಕೇಳುವ ಹಾಗೆ ಚಪ್ಪಾಳೆಯನ್ನೂ ತಟ್ಟಿದೆ. ಈ ಸಲ ಪಟ್ಟಿಯಲ್ಲಿ ನಾವೇ ಕೊನೆ. ಹುಡುಗಿಯರು ನಮಗಿಂತ ಒಂದು ಮೆಟ್ಟಿಲು ಮೇಲೆ.

ನಿನ್ನ ಮುಂದಿನ ಸಾಲಿನ ಕುರ್ಚಿ ನನಗೆ ಬೇಡ. ಯಾಕೆ ಎಂದು ಬಾಯಿಬಡುಕಿಯೂ ಕೇಳಿದಳು. "ಇಷ್ಟು ಸಿಟ್ಟು ಬರಿಸೋರನ್ನ ಬಿಟ್ಟುಬಿಡಬಾರದಾ?" ಎಂದಳು. ನಾನು ಹೇಳಿದೆ, "ಸಿಟ್ಟು ಬರೋದೇ ನಮ್ಮವರ ಮೇಲೆ. ಬೇರೆಯವರು ಸೋತರೆ ನನಗೇನು?" ಗೆಲುವಿನ ರುಚಿ ನನಗೂ ಗೊತ್ತು, ನೀನು ಆಡುತ್ತಿದ್ದಾಗ ಆ ಮೆಟ್ಟಿಲ ಮೇಲೆ ಕುಣಿದವಳು ನಾನು. ಅದು ಮತ್ತೆ ಬಂದರೆ ಬೇಡ ಅನ್ನುವುದಿಲ್ಲ. ಬರದಿದ್ದರೂ ಶನಿವಾರ ಬರುತ್ತದೆ, ನಾನೂ ಹೋಗುತ್ತೇನೆ. ನನ್ನ ದನಿ ಇರುವವರೆಗೆ ಆ ಹುಡುಗರನ್ನು ಬೈಯುವ ಹಕ್ಕು ನನ್ನದು, ನಗುವ ಹಕ್ಕು ನೀಲಿ ಟೋಪಿಯವರಿಗೆ ಇಲ್ಲ.

ಹೆಂಡತಿಯನ್ನು ಕೇಳಿದೆನೆಂದು ಹೇಳು. ಹೊತ್ತುಹೊತ್ತಿಗೆ ಉಣ್ಣು. ನೀನು ಆಡಿಸುವ ಎಲ್ಲ ಪಂದ್ಯವನ್ನೂ ಗೆಲ್ಲು ಎಂದು ಮನಸಾರೆ ಹರಸುತ್ತೇನೆ, ನಮ್ಮ ಮೇಲೆ ಆಡುವ ಎರಡನ್ನು ಬಿಟ್ಟು.

ಇಂತಿ ನಿನ್ನ,
ಅಕ್ಕ

ಮರೆತ ಮಾತು: ಲಕೋಟೆ ಅಂಟಿಸಲು ಹೋಗಿ ಮತ್ತೆ ತೆರೆದೆ. ನೀನು ಬಂದರಿನವರಿಗೆ ಹೋದದ್ದಕ್ಕೆ ನನಗೆ ಸಿಟ್ಟು ಎಂದು ನೀನು ತಿಳಿದಿದ್ದೀಯ. ಅಲ್ಲ. ದುಡಿಯುವವರು ಕರೆದ ಕಡೆ ಹೋಗುತ್ತಾರೆ. "ಹೆಂಡತಿ ತವರಿಗೆ ಹೋಗಿ ಸ್ವಲ್ಪ ದಿನ ಇದ್ದು ಬರ್ತೀನಿ ಅಕ್ಕ" ಎಂದು ಹೇಳಿ ಹೋದವನು ನೀನು. ಈ ಸಲದ ಮೊದಲ ಪಂದ್ಯಕ್ಕೆ ನೀನು ಬಂದಿರುತ್ತೀಯ ಎಂದುಕೊಂಡೇ ಹೋದೆ. ಕೂಗಿ ಕೂಗಿ ನಿನ್ನ ಗಂಟಲು ಒಡೆಯುತ್ತದಲ್ಲ ಎಂದು ಫ್ಲಾಸ್ಕಿನಲ್ಲಿ ಬಿಸಿನೀರು ತಂದಿದ್ದೆ. ಬೆಂಚಿನ ಮೇಲೆ ಬೇರೆ ಯಾರೋ ಕೂತಿದ್ದ. "ನನ್ನ ತಮ್ಮನಿಗೆ ಹುಷಾರಿಲ್ವಾ?" ಎಂದು ಡ್ರೈವರ್ ಮಾವನನ್ನು ಕೇಳಿದೆ. ಅವರು ನನ್ನ ಮುಖ ನೋಡಿ, "ಬಂದರಿನವರಿಗೆ ಹೋದ್ನಲ್ಲಮ್ಮ, ಕ್ಷೌರಿಕನಿಗೆ ಗೊತ್ತು, ಊರಿಗೆಲ್ಲಾ ಗೊತ್ತು. ನಿಮಗೆ ಹೇಳ್ಲಿಲ್ವಾ?" ಎಂದರು. "ಹೇಳಿದ್ದ ಮಾವ, ನಂಗೇ ಮರೆತುಹೋಗಿತ್ತು" ಎಂದೆ. ನಮ್ಮನ್ನು ಎಷ್ಟು ಬೇಕಾದರೂ ಸೋಲಿಸು, ತಡೆದುಕೊಳ್ಳುತ್ತೇನೆ. ಆದರೆ ನೀನು ನನಗೆ ಹೇಳಿದ್ದೆ ಎನ್ನುವ ಆ ಸುಳ್ಳನ್ನು ನಾನು ಇವತ್ತಿಗೂ ಎಲ್ಲರಿಗೂ ಹೇಳುತ್ತಿದ್ದೇನೆ, ನಿನ್ನ ಭಾವನಿಗೂ.